ಗ್ರಾಮಶಾಲೆಯ ಕೈತೋಟವೂ ಮಕ್ಕಳ ಪ್ರಕೃತಿಪಾಠವೂ

ಶಾಲೆಗೆ ಹೋದ ಹುಡುಗನು ಹೊಲದ ಕೆಲಸಕ್ಕೆ ಬಾರನೆಂಬ ದೂರು ನಮ್ಮ ಗ್ರಾಮಗಳಲ್ಲಿ ಬಹುಕಾಲದಿಂದಲೂ ಕೇಳಿಬರುತ್ತಿದೆ. ಹೊಲದಲ್ಲಿಯೇ ಬೆಳೆದವನು ಲೆಕ್ಕಪತ್ರಗಳನ್ನರಿಯದೆ, ಬೀಜದ ಚೀಲದ ಮೇಲಣ ಬರಹವನ್ನೂ ಓದಲಾರದೆ ನಷ್ಟಕ್ಕೊಳಗಾಗುವನೆಂಬುದು ಇನ್ನೊಂದು ದೂರು. ಇವೆರಡಕ್ಕೂ ಮೂಲವು ಒಂದೇ. ಓದುವುದು ಗೋಡೆಯೊಳಗಣ ಕೆಲಸವೆಂದೂ, ಬೆಳೆಯುವುದು ಗೋಡೆಯ ಹೊರಗಣ ಕೆಲಸವೆಂದೂ ನಾವು ಬಗೆದಿರುವುದೇ ಆ ಮೂಲ. ಈ ಎರಡನ್ನೂ ಕೂಡಿಸುವ ಸುಲಭವಾದ ಮಾರ್ಗವೊಂದುಂಟು. ಶಾಲೆಯ ಪಕ್ಕದಲ್ಲಿ ಎರಡು ಮೂರು ಗುಂಟೆಯ ಕೈತೋಟವನ್ನಿಟ್ಟು, ಮಕ್ಕಳನ್ನು ವಾರಕ್ಕೊಂದೆರಡು ಬಾರಿ ಬಯಲಿಗೆ ಕರೆತಂದು, ಕಣ್ಣಿಂದ ನೋಡಿ ಕೈಯಿಂದ ಮಾಡಿ ಕಲಿಯುವಂತೆ ಮಾಡುವುದೇ ಆ ಮಾರ್ಗ. ಇದಕ್ಕೆ ಉಪಾಧ್ಯಾಯರ ಉತ್ಸಾಹವೊಂದೇ ಸಾಲದು. ಗ್ರಾಮದ ಹಿರಿಯರ ಮತ್ತು ಜಮೀನುದಾರರ ಬೆಂಬಲವೂ ಬೇಕು. ಆದುದರಿಂದಲೇ ಈ ಲೇಖನವನ್ನು ಅವರ ಅವಗಾಹನೆಗೆ ತರಲಾಗಿದೆ.

ಪೂರ್ವದ ಪ್ರಯತ್ನಗಳು

ಇದು ಹೊಸದಾದ ಮಾತಲ್ಲ. ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಣತಜ್ಞನು ೧೮೩೭ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ‘ಮಕ್ಕಳ ತೋಟ’ ಎಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿಟ್ಟನು. ಅಲ್ಲಿ ಮಕ್ಕಳಿಗೆ ನಿಜವಾಗಿಯೂ ಮಡಿಗಳನ್ನು ಹಂಚಿಕೊಡುವ ಪದ್ಧತಿಯಿದ್ದಿತು. ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು ೧೯೦೧ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನಾರಂಭಿಸಿ ಮರದ ನೆರಳಿನಲ್ಲಿ ಪಾಠಗಳನ್ನು ನಡೆಸಿದರು. ೧೯೨೨ರಲ್ಲಿ ಅದರ ಸಮೀಪದ ಶ್ರೀನಿಕೇತನದಲ್ಲಿ ಬೇಸಾಯ ಮತ್ತು ಗ್ರಾಮೋದ್ಧಾರದ ಕೆಲಸವನ್ನು ಕೈಗೊಂಡರು. ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಮಹಾತ್ಮಾ ಗಾಂಧಿಯವರು ಕೈಕಸುಬಿನ ಮೂಲಕ, ಮಾತೃಭಾಷೆಯಲ್ಲಿ ಶಿಕ್ಷಣವು ನಡೆಯಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಕನ್ನಡನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದುದು ಸರ್ವವಿದಿತವಾಗಿದೆ.

ಈಚಿನ ಸರ್ಕಾರದ ಧೋರಣೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಾಲೆಯ ಜ್ಞಾನವು ಶಾಲೆಯ ಹೊರಗಣ ಜೀವನದೊಡನೆ ಸೇರಬೇಕೆಂದು ಹೇಳಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನಗಳನ್ನು ಚೀಲವಿಲ್ಲದೆ ಸ್ಥಳೀಯ ಕಸುಬುಗಾರರೊಡನೆ ಕಳೆಯಬೇಕೆಂದು ಸೂಚಿಸಿದೆ. ಆ ಕಸುಬುಗಾರರಲ್ಲಿ ರೈತನೂ ಒಬ್ಬನೆಂಬುದನ್ನು ಗ್ರಾಮದವರು ಮರೆಯಬಾರದು.

ಎರಡು ಆಕ್ಷೇಪಣೆಗಳು

ಕೈತೋಟದ ಪ್ರಸ್ತಾಪವು ಬಂದಾಗ ಗ್ರಾಮಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಆಕ್ಷೇಪಣೆಗಳು ಹೊರಡುತ್ತವೆ. ಅವುಗಳಿಗೆ ಸರಿಯಾದ ಸಮಾಧಾನವನ್ನು ಹೇಳದೆ ಮುಂದುವರಿಯುವುದು ಯುಕ್ತವಲ್ಲ.

ಹಿಡುವಳಿದಾರರ ಆಕ್ಷೇಪಣೆಯು ಹೀಗಿದೆ: “ನಮ್ಮ ಮಕ್ಕಳು ಮನೆಯಲ್ಲಿ ಪ್ರತಿದಿನವೂ ಬೆಳೆಯನ್ನು ಕಾಣುತ್ತಾರೆ, ಶಾಲೆಯಲ್ಲಿ ಮತ್ತೆ ಅದನ್ನೇಕೆ ಕಲಿಯಬೇಕು?” ಕಾಣುವುದು ಬೇರೆ, ಗಮನಿಸುವುದು ಬೇರೆ. ಅವರೆಯ ಬೇರಿನಲ್ಲಿ ಗಂಟುಗಳಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಅವು ರೋಗದ ಗಂಟುಗಳೇ, ಲಾಭದ ಗಂಟುಗಳೇ ಎಂದು ಕೇಳಿದರೆ ನಿಶ್ಚಯವಾಗಿ ಹೇಳುವವರು ಕೆಲವರು ಮಾತ್ರ. ಎಣಿಸಿ, ಅಳೆದು, ಬರೆದಿಟ್ಟು, ಹಿಂದಿನ ವರ್ಷದೊಡನೆ ಹೋಲಿಸಿ ನೋಡುವ ಅಭ್ಯಾಸವನ್ನು ಮನೆಯು ಕಲಿಸುವುದು ಅಪೂರ್ವ. ಅದನ್ನು ಕಲಿಸತಕ್ಕದ್ದು ಶಾಲೆಯೇ.

ಎರಡನೆಯ ಆಕ್ಷೇಪಣೆಯು ಕೂಲಿ ಮಾಡಿ ಜೀವಿಸುವ ತಾಯಿತಂದೆಗಳದು. “ನಮ್ಮ ಕೈಗಳಲ್ಲಿರುವ ಗುದ್ದಲಿಯು ಮಗುವಿನ ಕೈಗೆ ಹೋಗಬಾರದೆಂದೇ ಶಾಲೆಗೆ ಕಳುಹಿಸಿದೆವು, ಅಲ್ಲಿಯೂ ಗುದ್ದಲಿಯನ್ನೇ ಕೊಡುವಿರಾ?” ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯು ಬಹಳ ನ್ಯಾಯವಾದುದು. ತಲೆತಲಾಂತರದಿಂದ ಪರರ ಹೊಲದಲ್ಲಿ ದುಡಿದವರು ಹೀಗೆ ಶಂಕಿಸುವುದರಲ್ಲಿ ತಪ್ಪಿಲ್ಲ. ಅವರ ಶಂಕೆಯನ್ನು ಮಾತಿನಿಂದ ನಿವಾರಿಸಲಾಗದು, ನಡತೆಯಿಂದಲೇ ನಿವಾರಿಸಬೇಕು. ಅದಕ್ಕಾಗಿ ಮೂರು ನಿಯಮಗಳನ್ನು ಗ್ರಾಮದವರು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು.

ಮೊದಲನೆಯದಾಗಿ, ಪಾಠದ ನೆಪದಲ್ಲಿ ಮಕ್ಕಳನ್ನು ಯಾವ ಜಮೀನುದಾರನ ಹೊಲದಲ್ಲಿಯೂ, ಯಾವ ಉಪಾಧ್ಯಾಯರ ಹಿತ್ತಿಲಿನಲ್ಲಿಯೂ ಕಳೆ ಕೀಳಿಸಬಾರದು, ಕೊಯ್ಲು ಮಾಡಿಸಬಾರದು. ನೋಡಲು ಹೋದ ಹೊಲದಲ್ಲಿ ನೋಡಿ ಬರಬೇಕು. ಎರಡನೆಯದಾಗಿ, ತೋಟದ ಕೆಲಸವನ್ನು ಸರದಿಯ ಮೇಲೆ ಎಲ್ಲ ಮಕ್ಕಳೂ ಮಾಡಬೇಕು. ಗೊಬ್ಬರ ಹೊರುವುದು ಒಂದು ಜಾತಿಯ ಮಕ್ಕಳಿಗೆ, ನೀರೆರೆಯುವುದು ಇನ್ನೊಂದು ಜಾತಿಯವರಿಗೆ, ಹೆಸರು ಬರೆಯುವುದು ಮತ್ತೊಬ್ಬರಿಗೆ. ಗುಡಿಸುವುದು ಹೆಣ್ಣು ಮಕ್ಕಳಿಗೆ, ಅಳೆಯುವುದು ಗಂಡು ಮಕ್ಕಳಿಗೆ ಎಂಬ ವಿಭಾಗವು ತೋಟದೊಳಕ್ಕೆ ಬಂದರೆ ಅಂತಹ ತೋಟವಿಲ್ಲದಿರುವುದೇ ಲೇಸು. ಗ್ರಾಮದ ಮುಖ್ಯಸ್ಥನ ಮಗನೂ ಸಗಣಿಯ ಬುಟ್ಟಿಯನ್ನು ಹೊತ್ತ ದಿನ ಕೂಲಿಕಾರನು ಈ ಪಾಠವನ್ನು ನಂಬುವನು. ಮೂರನೆಯದಾಗಿ, ತೋಟದಲ್ಲಿ ಬೆಳೆದುದೆಲ್ಲವೂ ಮಕ್ಕಳ ಮಧ್ಯಾಹ್ನದ ಊಟಕ್ಕೆ ಸೇರಬೇಕು. ಉಳಿದುದು ಸರದಿಯಂತೆ ಅವರವರ ಮನೆಗೆ ಹೋಗಬೇಕು.

ಪಾಠಗಳ ಕ್ರಮ

ಕೈತೋಟವೆಂದರೆ ಬರಿಯ ತರಕಾರಿ ಬೆಳೆಯುವುದಲ್ಲ. ಪ್ರತಿಯೊಂದು ಮಡಿಯೂ ಒಂದು ಪ್ರಶ್ನೆಗೆ ಉತ್ತರವನ್ನು ಕೊಡುವಂತಿರಬೇಕು. ಖರ್ಚಿಲ್ಲದೆ ಮಾಡಬಹುದಾದ ಆರು ಪಾಠಗಳನ್ನು ಇಲ್ಲಿ ವಿವರಿಸಿದೆ. ಇವು ಹಿರಿಯರಿಗೂ ಪ್ರಯೋಜನಕರವಾಗಿವೆ.

೧. ಬೀಜದ ಪರೀಕ್ಷೆ. ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಪ್ರತಿಯೊಂದು ಮಗುವೂ ತನ್ನ ಮನೆಯ ಬಿತ್ತನೆಯ ರಾಗಿಯಿಂದ ಆರಿಸದೆ ನೂರು ಕಾಳುಗಳನ್ನು ಎಣಿಸಿ ತರಲಿ. ಅವನ್ನು ಒದ್ದೆ ಬಟ್ಟೆಯ ಮೇಲೆ ಹತ್ತರಂತೆ ಹತ್ತು ಸಾಲುಗಳಲ್ಲಿಟ್ಟು, ಮತ್ತೊಂದು ಒದ್ದೆ ಬಟ್ಟೆಯನ್ನು ಹೊದಿಸಿ, ಸುರುಳಿ ಸುತ್ತಿ ನೆರಳಿನಲ್ಲಿಡಬೇಕು. ಬಟ್ಟೆಯು ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ಎಂಟನೆಯ ದಿನ ಬಿಚ್ಚಿ ಸರಿಯಾಗಿ ಮೊಳೆತ ಕಾಳುಗಳನ್ನು ಎಣಿಸಬೇಕು. ಪ್ರಮಾಣಿತ ಬೀಜವೆನಿಸಿಕೊಳ್ಳಲು ರಾಗಿಯಲ್ಲಿ ನೂರಕ್ಕೆ ೭೫, ಬತ್ತದಲ್ಲಿ ನೂರಕ್ಕೆ ೮೦ ಕಾಳುಗಳಾದರೂ ಮೊಳೆಯಬೇಕೆಂಬ ನಿಯಮವಿದೆ. ಒಬ್ಬರ ಮನೆಯ ರಾಗಿಯಲ್ಲಿ ೬೦ ಮಾತ್ರ ಮೊಳೆತರೆ, ೭೫ ಮೊಳೆಯುವ ಬೀಜವು ನಾಲ್ಕು ಸೇರು ಬೇಕಾಗುವ ಕಡೆ ಇದು ಐದು ಸೇರು ಬೇಕಾಗುವುದೆಂದು ಮಗುವೇ ಲೆಕ್ಕ ಹಾಕಿ ತಂದೆಗೆ ಹೇಳಬಹುದು. ಶೇಕಡಾ ಲೆಕ್ಕವನ್ನು ಕಲಿಸಲು ಇದಕ್ಕಿಂತ ಉತ್ತಮವಾದ ಸಾಧನವು ಬೇರೊಂದಿಲ್ಲ. ಬಿತ್ತನೆಗೆ ಮುಂಚೆಯೇ ತಿಳಿದುದರಿಂದ ಆ ಮನೆಯ ಬೆಳೆಯೂ ಉಳಿಯುವುದು.

೨. ಮಳೆಯ ಅಳತೆ. ತಳವೂ ಬಾಯಿಯೂ ಒಂದೇ ಅಗಲವಾಗಿದ್ದು ನೆಟ್ಟಗಿರುವ ಒಂದು ಡಬ್ಬಿಯನ್ನು ಮರಮಟ್ಟು ಸೂರುಗಳಿಂದ ದೂರವಾದ ಬಯಲಿನಲ್ಲಿ ಅಲುಗಾಡದಂತೆ ನಿಲ್ಲಿಸಿ, ಪ್ರತಿದಿನವೂ ಬೆಳಗ್ಗೆ ಗೊತ್ತಾದ ಹೊತ್ತಿನಲ್ಲಿ ಅದರಲ್ಲಿ ನಿಂತ ನೀರಿನ ಆಳವನ್ನು ಅಳತೆಪಟ್ಟಿಯಿಂದ ನೋಡಿ ಬರೆಯಬೇಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು ೪,೦೪೭ ಚದರ ಮೀಟರುಗಳಾದುದರಿಂದ, ೨೫ ಮಿಲಿಮೀಟರಿನ ಒಂದು ಹದವಾದ ಮಳೆಯು ಎಕರೆಯ ಮೇಲೆ ಒಂದು ಲಕ್ಷ ಲೀಟರಿಗಿಂತಲೂ ಹೆಚ್ಚು ನೀರನ್ನು ಸುರಿದಂತಾಯಿತು. ಇದರಲ್ಲಿ ಎಷ್ಟು ಹೊಲದಲ್ಲಿ ನಿಂತಿತು, ಎಷ್ಟು ಹಳ್ಳಕ್ಕೆ ಹರಿಯಿತು ಎಂಬ ಪ್ರಶ್ನೆಯು ಮಗುವಿನ ಬಾಯಿಂದ ತಾನಾಗಿಯೇ ಹೊರಡುವುದು.

ನಮ್ಮ ರೈತರು ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಕರೆಯುವರಷ್ಟೆ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದು ಮಳೆಗೂ ಹದಿಮೂರು ಅಥವಾ ಹದಿನಾಲ್ಕು ದಿನಗಳಾಗುತ್ತವೆ. ಮಕ್ಕಳು ಬರೆದಿಟ್ಟ ಅಳತೆಯನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆವಾರಾಗಿ ಕೂಡಿಸಿ ಒಂದು ದಪ್ಪ ಪುಸ್ತಕದಲ್ಲಿ ಬರೆದರೆ, ಹತ್ತು ವರ್ಷಗಳಲ್ಲಿ ಆ ಗ್ರಾಮಕ್ಕೆ ತನ್ನದೇ ಆದ ಮಳೆಯ ಲೆಕ್ಕವು ದೊರೆಯುವುದು. ಒಂದೂರಿನಲ್ಲಿ ಸುರಿದ ಮಳೆಯು ಪಕ್ಕದೂರಿನಲ್ಲಿ ಬೀಳದಿರುವುದನ್ನು ನಾವೆಲ್ಲರೂ ಬಲ್ಲೆವು. ಭರಣಿಯ ಮಳೆಯನ್ನು ಹೊಗಳುವ ಗಾದೆಯು ತಮ್ಮೂರಿನಲ್ಲಿ ಎಷ್ಟು ವರ್ಷ ನಿಜವಾಯಿತೆಂಬುದನ್ನು ಆಗ ಊಹೆಯಿಂದಲ್ಲ, ಪುಸ್ತಕದಿಂದಲೇ ಹೇಳಬಹುದು.

೩. ಮಣ್ಣಿನ ಪಾಠ. ಗಾಜಿನ ಸೀಸೆಯಲ್ಲಿ ಒಂದು ಹಿಡಿ ಮಣ್ಣನ್ನೂ ಮುಕ್ಕಾಲು ಭಾಗ ನೀರನ್ನೂ ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ, ಮರಳು ಒಡನೆಯೇ ತಳಕ್ಕಿಳಿಯುವುದು. ನವಿರಾದ ಗೋಡುಮಣ್ಣು ಕೆಲವು ಗಂಟೆಗಳಲ್ಲಿ ಅದರ ಮೇಲೆ ಕೂರುವುದು. ಜೇಡಿಯು ಒಂದು ದಿನ ಕಳೆದರೂ ನೀರನ್ನು ಕದಡಿಯೇ ಇಟ್ಟಿರುವುದು. ಕೆಂಪು ಮಸಬು, ಎರೆಭೂಮಿ, ಕೆರೆಯ ಗೋಡು ಇವುಗಳನ್ನು ಬೇರೆ ಬೇರೆ ಸೀಸೆಗಳಲ್ಲಿಟ್ಟು ಹೋಲಿಸಬೇಕು.

ಇದಾದ ಮೇಲೆ ಎರಡು ಅಗಲವಾದ ತಟ್ಟೆಗಳಲ್ಲಿ ಒಂದೇ ಬಗೆಯ ಮಣ್ಣನ್ನು ತುಂಬಿ, ಒಂದರ ಮೇಲೆ ಒಣಹುಲ್ಲನ್ನು ಹರಡಿ, ಇನ್ನೊಂದನ್ನು ಬರಿದಾಗಿ ಬಿಟ್ಟು, ಎರಡನ್ನೂ ಒಂದೇ ಇಳಿಜಾರಿನಲ್ಲಿಟ್ಟು, ತೂತುಗಳುಳ್ಳ ಡಬ್ಬಿಯಿಂದ ಒಂದೇ ಅಳತೆಯ ನೀರನ್ನು ಸುರಿಸಬೇಕು. ಬರಿಯ ಮಣ್ಣಿನಿಂದ ಹರಿದ ನೀರು ಕೆಂಪಗೆ ಬೇಗನೆ ಇಳಿಯುವುದು. ಹುಲ್ಲಿನ ಕೆಳಗಿನಿಂದ ಬಂದ ನೀರು ಕಡಿಮೆಯಾಗಿಯೂ ತಿಳಿಯಾಗಿಯೂ ಇರುವುದು. ಬದುಗಳನ್ನೇಕೆ ಹಾಕಬೇಕು, ಇಳಿಜಾರಿಗೆ ಅಡ್ಡಲಾಗಿ ಏಕೆ ಉಳಬೇಕು ಎಂಬುದನ್ನು ಇಲಾಖೆಯವರು ಹತ್ತು ಭಾಷಣಗಳಲ್ಲಿ ಹೇಳುವುದನ್ನು ಈ ಎರಡು ತಟ್ಟೆಗಳು ಐದು ನಿಮಿಷದಲ್ಲಿ ಹೇಳುತ್ತವೆ.

೪. ಬೇರಿನ ಪಾಠ. ಅವರೆ, ಅಲಸಂದೆ, ತೊಗರಿ, ಹುರುಳಿ ಇವುಗಳಲ್ಲಿ ಯಾವುದಾದರೊಂದರ ಗಿಡವನ್ನು ಹೂವಾಡುವುದಕ್ಕೆ ಮುಂಚೆ, ಕೀಳದೆ, ಸುತ್ತಲೂ ಅಗೆದು ಮಣ್ಣು ಸಮೇತ ಎತ್ತಿ ನೀರಿನಲ್ಲಿ ಅದ್ದಿ ತೊಳೆಯಬೇಕು. ಬೇರುಗಳಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುವುವು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣವಿದ್ದಲ್ಲಿ, ಅದರಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಆಹಾರವಾಗಿ ಮಾಡಿಕೊಡುತ್ತಿವೆಯೆಂದು ತಿಳಿಯಬೇಕು. ರಾಗಿಯ ಬೇರನ್ನು ಪಕ್ಕದಲ್ಲಿಟ್ಟು ನೋಡಿದರೆ ಅದರಲ್ಲಿ ಗಂಟುಗಳಿರುವುದಿಲ್ಲ. ರಾಗಿಯ ಹೊಲದಲ್ಲಿ ಹಿರಿಯರು ಅವರೆ ತೊಗರಿಗಳ ಅಕ್ಕಡಿ ಸಾಲುಗಳನ್ನಿಡುತ್ತಿದ್ದ ಕಾರಣವು ಆಗ ಮಗುವಿಗೆ ಅರಿವಾಗುವುದು. ಅಜ್ಜನ ಬುದ್ಧಿಯ ಮೇಲೆ ಮೊಮ್ಮಗನಿಗೆ ಗೌರವವುಂಟಾಗುವುದು ಸಣ್ಣ ಲಾಭವಲ್ಲ.

೫. ಹೂವು ಮತ್ತು ಜೇನ್ನೊಣ. ಸಿಹಿಗುಂಬಳದ ಬಳ್ಳಿಯಲ್ಲಿ ಗಂಡು ಹೂವುಗಳೂ ಹೆಣ್ಣು ಹೂವುಗಳೂ ಬೇರೆ ಬೇರೆಯಾಗಿರುತ್ತವೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರವಿರುವುದು. ಮರುದಿನ ಅರಳಲಿರುವ ಮೂರು ಹೆಣ್ಣು ಮೊಗ್ಗುಗಳನ್ನು ಸಂಜೆಯಲ್ಲಿ ಗುರುತಿಸಬೇಕು. ಒಂದನ್ನು ಹಾಗೆಯೇ ಬಿಟ್ಟು, ಉಳಿದೆರಡಕ್ಕೆ ತೆಳುವಾದ ಬಟ್ಟೆಯ ಚೀಲವನ್ನು ಕಟ್ಟಬೇಕು. ಧೂಳಿಗಾಗಿ ಒಂದು ಗಂಡು ಮೊಗ್ಗಿಗೂ ಹಾಗೆಯೇ ಚೀಲವನ್ನು ಹಾಕಬೇಕು. ಬೆಳಗಿನ ಜಾವದಲ್ಲಿ ಹೂವರಳಿದ ಮೇಲೆ, ಚೀಲ ಕಟ್ಟಿದ ಒಂದು ಹೆಣ್ಣು ಹೂವನ್ನು ಬಿಚ್ಚಿ ಗಂಡು ಹೂವಿನ ಧೂಳನ್ನು ಅದಕ್ಕೆ ಸವರಿ ಮತ್ತೆ ಕಟ್ಟಬೇಕು; ಇನ್ನೊಂದನ್ನು ಮುಟ್ಟಲೇಬಾರದು. ಜೇನ್ನೊಣವು ಬಂದ ಹೂವೂ, ಮಗುವು ಧೂಳನ್ನು ಸವರಿದ ಹೂವೂ ಕಾಯಿ ಕಟ್ಟುವುವು. ಮುಟ್ಟದೆ ಕಟ್ಟಿಟ್ಟ ಹೂವಿನ ಪೀಚು ಹಳದಿಯಾಗಿ ಉದುರುವುದು. ಒಂದೇ ಹೂವಿನಿಂದ ನಿರ್ಣಯಿಸದೆ ಹಲವು ಹೂವುಗಳಲ್ಲಿ ಪರೀಕ್ಷಿಸಿ ಎಣಿಸುವುದು ಯುಕ್ತ.

ಈ ಪಾಠವು ಜಮೀನುದಾರರಿಗೂ ಬೇಕಾದುದು. ಬಳ್ಳಿಯ ತೋಟಕ್ಕೆ ಹೂವರಳಿರುವ ಬೆಳಗಿನ ಹೊತ್ತಿನಲ್ಲಿ ಕೀಟನಾಶಕವನ್ನು ಸಿಂಪಡಿಸುವವನು ತನ್ನ ಕಾಯಿಗಳನ್ನು ತಾನೇ ಕಳೆದುಕೊಳ್ಳುವನೆಂಬುದು ಇದರಿಂದ ಸ್ಪಷ್ಟವಾಗುವುದು. ಇದರೊಡನೆಯೇ ಅವರೆಯ ಕುಡಿಗಳಲ್ಲಿ ಕೂಡುವ ಸಸ್ಯಹೇನುಗಳನ್ನೂ, ಅವನ್ನು ತಿನ್ನುವ ಗುಲಗಂಜಿ ಹುಳುವನ್ನೂ, ಮೊಸಳೆಯಾಕಾರದ ಅದರ ಮರಿಯನ್ನೂ ತೋರಿಸಬೇಕು. ಕಂಡ ಹುಳುವೆಲ್ಲವೂ ಶತ್ರುವಲ್ಲವೆಂದರಿತ ಮಗುವು ಮುಂದೆ ವಿಷಕ್ಕೆ ಹಣವನ್ನು ಸುಮ್ಮನೆ ಚೆಲ್ಲುವುದಿಲ್ಲ.

೬. ನೆರಳಿನ ಪಾಠ. ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು, ವಾರಕ್ಕೊಂದು ದಿನ ಮಧ್ಯಾಹ್ನದ ಅತಿ ಚಿಕ್ಕ ನೆರಳಿನ ತುದಿಗೆ ಗೂಟವನ್ನು ಹೊಡೆಯಬೇಕು. ಡಿಸೆಂಬರ್ ೨೧ ಅಥವಾ ೨೨ರ ಸುಮಾರಿಗೆ ಈ ನೆರಳು ಅತ್ಯಂತ ಉದ್ದವಾಗಿರುವುದು. ನಮ್ಮ ನಾಡು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ದಕ್ಷಿಣದಲ್ಲಿರುವುದರಿಂದ ವರ್ಷಕ್ಕೆರಡು ದಿನ ಸೂರ್ಯನು ನೆತ್ತಿಯ ಮೇಲೆಯೇ ಬಂದು ಕೋಲಿನ ನೆರಳು ಇಲ್ಲದಂತಾಗುವುದು. ಬೆಂಗಳೂರಿನ ಕಡೆ ಇದು ಏಪ್ರಿಲ್ ೨೪ರ ಮತ್ತು ಆಗಸ್ಟ್ ೧೮ರ ಸುಮಾರಿಗೆ ಸಂಭವಿಸುತ್ತದೆ. ಉತ್ತರಕ್ಕೆ ಹೋದಂತೆ ಮೊದಲನೆಯ ದಿನವು ಮುಂದಕ್ಕೂ ಎರಡನೆಯ ದಿನವು ಹಿಂದಕ್ಕೂ ಸರಿಯುತ್ತವೆ. ಏಪ್ರಿಲಿನಲ್ಲಿ ರಜವಿರುವುದರಿಂದ ಆಗಸ್ಟಿನ ದಿನವನ್ನು ತಪ್ಪದೆ ತೋರಿಸಬೇಕು. ಉತ್ತರಾಯಣ ದಕ್ಷಿಣಾಯನಗಳೆಂಬ ಮಾತುಗಳು ಪಂಚಾಂಗದಿಂದಿಳಿದು ಅಂಗಳಕ್ಕೆ ಬರುವುದು ಹೀಗೆ.

ಎಚ್ಚರಿಕೆಗಳು

ಬಯಲು ಮಗುವಿಗೆ ಗುರುವಾಗಿರುವಂತೆಯೇ ಅಪಾಯದ ಸ್ಥಳವೂ ಆಗಿದೆ. ಆದುದರಿಂದ ಕೆಳಗಿನ ವಿಷಯಗಳಲ್ಲಿ ಉದಾಸೀನತೆಯು ಸಲ್ಲದು.

ಶಾಲೆಯ ತೋಟದಲ್ಲಿ ಯಾವ ರಾಸಾಯನಿಕ ವಿಷವನ್ನೂ ಬಳಸಬಾರದು. ಅದನ್ನು ಶಾಲೆಯ ಕೋಣೆಯಲ್ಲಿಡಲೂ ಬಾರದು. ವಿಷದ ಡಬ್ಬಿಗಳ ಮೇಲಣ ಬಣ್ಣದ ಗುರುತುಗಳನ್ನು ಮಕ್ಕಳಿಗೆ ಚಿತ್ರದಲ್ಲಿ ತೋರಿಸಿ ಕಲಿಸಬೇಕು. ಕೆಂಪು ಅತ್ಯುಗ್ರವಾದ ವಿಷವನ್ನು ಸೂಚಿಸುವುದು. ಹಳದಿ, ನೀಲಿ, ಹಸುರುಗಳು ಕ್ರಮವಾಗಿ ಕಡಿಮೆ ತೀಕ್ಷ್ಣತೆಯವು. ಆದರೆ ಹಸುರು ಗುರುತಿನದೂ ವಿಷವೇ. ಖಾಲಿ ಡಬ್ಬಿಯಲ್ಲಿ ನೀರು ಕುಡಿಯುವುದಾಗಲಿ, ಮದ್ದು ಹೊಡೆದ ಹೊಲಕ್ಕೆ ಮಕ್ಕಳನ್ನು ಕರೆದೊಯ್ಯುವುದಾಗಲಿ ಕೂಡದು. ಜಮೀನುದಾರರು ತಮ್ಮ ಹೊಲಗಳಿಗೆ ಮದ್ದು ಹೊಡೆಯುವ ದಿನವನ್ನು ಉಪಾಧ್ಯಾಯರಿಗೆ ಮುಂಚಿತವಾಗಿ ತಿಳಿಸುವುದು ಅವರ ಕರ್ತವ್ಯವಾಗಿದೆ.

ಉಮ್ಮತ್ತಿ, ಕಣಗಿಲೆ, ಹರಳಿನ ಬೀಜ ಇವು ವಿಷವುಳ್ಳವೆಂದು ಮೊಟ್ಟಮೊದಲ ಪಾಠದಲ್ಲಿಯೇ ಹೇಳಬೇಕು. ಪಾರ್ಥೇನಿಯಂ ಕಳೆಯನ್ನು ಮಕ್ಕಳ ಕೈಯಿಂದ ಕೀಳಿಸಬಾರದು; ಅದರಿಂದ ಚರ್ಮದ ತುರಿಕೆಯೂ ಉಬ್ಬಸವೂ ಉಂಟಾಗಬಹುದು. ಕಂಬಳಿಹುಳುಗಳನ್ನು ಬರಿಗೈಯಿಂದ ಮುಟ್ಟಬಾರದು. ಕಲ್ಲಿನ ಸಂದು, ಹುಲ್ಲಿನ ಮೆದೆ, ಹುತ್ತ ಇವುಗಳಲ್ಲಿ ಕೈಯಿಡಬಾರದು. ಒಂದು ವೇಳೆ ಹಾವು ಕಚ್ಚಿದರೆ, ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು, ಮಂತ್ರಿಸುವುದು ಇವುಗಳಲ್ಲಿ ಕಾಲವನ್ನು ಕಳೆಯದೆ, ಮಗುವನ್ನು ನಡೆಯಿಸದೆ, ಕಚ್ಚಿದ ಅಂಗವು ಅಲುಗಾಡದಂತೆ ಮಾಡಿ ಪ್ರತಿವಿಷ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೆ ಒಯ್ಯಬೇಕು. ಬಾವಿ, ಕೃಷಿಹೊಂಡಗಳ ಬಳಿಗೆ ದೊಡ್ಡವರಿಲ್ಲದೆ ಯಾವ ಮಗುವೂ ಹೋಗಬಾರದು. ಮಣ್ಣು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆದ ಹೊರತು ಊಟಕ್ಕೆ ಕೂರಿಸಬಾರದು.

ತೋಟಗಳು ಏಕೆ ಒಣಗುತ್ತವೆ?

ಜೂನಿನಲ್ಲಿ ಸಂಭ್ರಮದಿಂದ ಆರಂಭವಾದ ಕೈತೋಟಗಳು ಮಾರ್ಚಿಯ ಹೊತ್ತಿಗೆ ಒಣಗಿ ನಿಲ್ಲುವುದನ್ನು ನಾವು ಅನೇಕ ಕಡೆಗಳಲ್ಲಿ ಕಂಡಿದ್ದೇವೆ. ಇದಕ್ಕೆ ಮಕ್ಕಳು ಕಾರಣರಲ್ಲ. ಬೇಲಿಯಿಲ್ಲದೆ ದನಮೇಕೆಗಳು ನುಗ್ಗುವುದು, ನೀರಿಗೆ ಏರ್ಪಾಡಿಲ್ಲದಿರುವುದು, ಬೇಸಗೆಯ ರಜದಲ್ಲಿ ನೋಡುವವರಿಲ್ಲದಿರುವುದು, ಉತ್ಸಾಹಿಯಾದ ಉಪಾಧ್ಯಾಯರು ವರ್ಗವಾದೊಡನೆ ಕೆಲಸವು ನಿಂತುಹೋಗುವುದು, ಈ ನಾಲ್ಕೇ ಮುಖ್ಯ ಕಾರಣಗಳು. ನಾಲ್ಕಕ್ಕೂ ಪರಿಹಾರವು ಗ್ರಾಮದವರ ಕೈಯಲ್ಲಿದೆ. ಮಕ್ಕಳು ಕೈ ಮತ್ತು ತಟ್ಟೆಗಳನ್ನು ತೊಳೆದ ನೀರನ್ನು ಸಣ್ಣ ಕಾಲುವೆಯಿಂದ ಮಡಿಗಳಿಗೆ ತಿರುಗಿಸಿದರೆ ನೀರಿನ ಚಿಂತೆಯು ಬಹುಮಟ್ಟಿಗೆ ತೀರುವುದು; ಸಾಬೂನಿನ ನೀರನ್ನು ಮಾತ್ರ ಸೊಪ್ಪಿನ ಮಡಿಗೆ ಬಿಡದೆ ಬಾಳೆ ಪರಂಗಿಗಳ ಬುಡಕ್ಕೆ ಬಿಡಬೇಕು. ದಂಟು, ಬೆಂಡೆ, ಅವರೆಗಳನ್ನು ಏಪ್ರಿಲಿನೊಳಗೆ ಮುಗಿಸಿ, ನುಗ್ಗೆ, ಕರಿಬೇವು, ಪರಂಗಿಯಂತಹ ನಾಲ್ಕಾರು ಗಿಡಗಳನ್ನು ಮಾತ್ರ ಬೇಸಗೆಯಲ್ಲಿ ಕಾಯ್ದುಕೊಂಡರೆ ಸಾಕು.

ಗ್ರಾಮದ ಹಿರಿಯರು ಮಾಡತಕ್ಕದ್ದು

ಮುಂದಿನ ಮುಂಗಾರಿಗೆ ಮುಂಚಿತವಾಗಿ ಗ್ರಾಮ ಪಂಚಾಯತಿಯವರೂ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರೂ, ಹಿಡುವಳಿದಾರರೂ ಒಂದೆಡೆ ಕಲೆತು ಈ ಕೆಳಗಿನ ಏರ್ಪಾಡುಗಳನ್ನು ಮಾಡಬೇಕೆಂದು ಕೋರಲಾಗಿದೆ:

(೧) ಶಾಲೆಯ ಆವರಣದಲ್ಲಾಗಲಿ ಅದಕ್ಕೆ ಹೊಂದಿಕೊಂಡಾಗಲಿ ಎರಡು ಮೂರು ಗುಂಟೆ ಸ್ಥಳವನ್ನು ಗೊತ್ತುಮಾಡಿ ಬೇಲಿ ಹಾಕಿಸುವುದು.

(೨) ಒಂದೆರಡು ಗಾಡಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ, ಮಕ್ಕಳ ಕೈಗೆ ಹಗುರವಾದ ಕಳೆಗುದ್ದಲಿಗಳನ್ನೂ ಒದಗಿಸುವುದು.

(೩) ಬೇಸಗೆಯ ರಜದಲ್ಲಿ ನೀರೆರೆಯಲು ವಾರದ ಸರದಿಯನ್ನು ಹಿರಿಯರೊಳಗೇ ಹಂಚಿ, ಹೆಸರುಗಳನ್ನು ಶಾಲೆಯ ಗೋಡೆಯ ಮೇಲೆ ಬರೆಸುವುದು.

(೪) ಅನುಭವಸ್ಥರಾದ ಇಬ್ಬರು ಮೂವರು ರೈತರನ್ನೂ ರೈತ ಮಹಿಳೆಯರನ್ನೂ ತಿಂಗಳಿಗೊಮ್ಮೆ ಶಾಲೆಗೆ ಕರೆದು ಬೀಜ ಕಾಯ್ದಿಡುವುದು, ಅಕ್ಕಡಿ, ಗೊಬ್ಬರ ಇವುಗಳ ವಿಷಯವಾಗಿ ಮಕ್ಕಳೊಡನೆ ಮಾತನಾಡಿಸುವುದು. ಬೀಜದ ವಿಷಯದಲ್ಲಿ ನಮ್ಮ ಹೆಂಗಸರಿಗಿರುವ ತಿಳಿವಳಿಕೆಯು ಪುಸ್ತಕಗಳಲ್ಲಿ ದೊರೆಯತಕ್ಕದ್ದಲ್ಲ.

(೫) ಮಳೆಯ ಪುಸ್ತಕ ಮತ್ತು ತೋಟದ ಪುಸ್ತಕಗಳೆಂಬ ಎರಡು ದಾಖಲೆಗಳನ್ನು ಶಾಲೆಯ ಸ್ವತ್ತಾಗಿರಿಸಿ, ಉಪಾಧ್ಯಾಯರು ಬದಲಾದರೂ ಬರೆಯುವುದು ನಿಲ್ಲದಂತೆ ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಮಕ್ಕಳಿಂದಲೇ ಓದಿಸುವುದು.

ಇದರಿಂದ ಎಲ್ಲ ಮಕ್ಕಳೂ ಬೇಸಾಯಗಾರರೇ ಆಗಬೇಕೆಂಬ ಅಭಿಪ್ರಾಯವಲ್ಲ. ಕೆಲವರು ಪಟ್ಟಣಕ್ಕೆ ಹೋಗುವರು, ಕೆಲವರು ಉದ್ಯೋಗ ಹಿಡಿಯುವರು, ಹೋಗಲೂ ಬೇಕು. ಆದರೆ ಹೋಗುವವನು ನೆಲವನ್ನು ತುಚ್ಛವೆಂದು ಬಗೆದು ಹೋಗಬಾರದು; ಉಳಿಯುವವನು ಬೇರೆ ಗತಿಯಿಲ್ಲದೆ ಉಳಿದೆನೆಂದು ಕೊರಗಬಾರದು. ಅಳೆದು ನೋಡಬಲ್ಲವನು ಎಲ್ಲಿದ್ದರೂ ಮೋಸಹೋಗುವುದಿಲ್ಲ. ಕೂಲಿಯವನ ಮಗಳೂ ಜಮೀನುದಾರನ ಮಗನೂ ಒಂದೇ ಮಡಿಯ ಎರಡು ಬದಿಗಳಲ್ಲಿ ಕುಳಿತು ಮೊಳಕೆಗಳನ್ನು ಎಣಿಸುವ ಶಾಲೆಯು ಗ್ರಾಮದಲ್ಲಿರುವುದಾದರೆ, ಆ ಗ್ರಾಮದ ಬೆಳೆಯೂ ಬಾಳೂ ಹಸನಾಗುವುದರಲ್ಲಿ ಸಂದೇಹವಿಲ್ಲ. ಈ ಕೆಲಸದಲ್ಲಿ ಬೀಜ, ಸಸಿ ಮತ್ತು ಸಲಹೆಗಳು ಬೇಕಾದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.